ಅಬ್ಬಾರ ಗಾಡಿಯ ಮುಂಗಾಲು

ಹಳೆಯ ಮೋಟಾರ್ ಸೈಕಲ್ಲಿನ ಮುಂಗಾಲಿನಿಂದ ಎಣ್ಣೆ ಒಸರತೊಡಗಿದರೆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಿಂತೆ. ನಮ್ಮ ಅಮ್ಮಿಗೆ ಅಂಗಳದ ಕಡಪ ಕಲ್ಲಿನ ಮೇಲೆ ಬಿದ್ದ ಕಲೆಯದು. ನಮ್ಮ ಮನೆಯವರಿಗೆ ಗಾಡಿಗೆ ಒರಗಿಕೊಂಡು ನಿಲ್ಲುವ ಮಗಳ ಶಾಲೆಯ ಸಮವಸ್ತ್ರದ್ದು. ಮಗನಿಗೆ ಕಾಲೇಜಿನ ಗೆಳೆಯರ ಮುಂದೆ ಗಾಡಿಯ ಮಾನ ಹೋಗುವುದು. ನಮಗೆ ಮಾತ್ರ ಬ್ರೇಕಿನ ಚಿಂತೆ. ಫೋರ್ಕ್ ಪೈಪಿನಿಂದ ಇಳಿದ ಎಣ್ಣೆ ಅಲ್ಲಿಗೇ ನಿಲ್ಲುವುದಿಲ್ಲ. ಕಾಲಿನ ಉದ್ದಕ್ಕೂ ಜಾರಿ, ಆಕ್ಸಲ್ ಬಳಿ ಕೂಡಿ, ಬ್ರೇಕ್ ಪ್ಲೇಟಿನ ಸಂದಿಯಿಂದ ಡ್ರಮ್ಮಿನೊಳಗೆ ನುಸುಳುತ್ತದೆ. ಲೈನರಿಗೆ ಎಣ್ಣೆ ಹತ್ತಿದ ಮೇಲೆ ಮುಂದಿನ ಬ್ರೇಕ್ ಹಿಡಿಯುವುದೂ ಒಂದೇ, ದುವಾ ಓದುವುದೂ ಒಂದೇ.

ಅದು ಸುಮ್ಮನೆ ಹೇಳಿದ ಮಾತಲ್ಲ. 2023ರ ಜುಲೈ ತಿಂಗಳ ಮಳೆಯಲ್ಲಿ ಮಗ ಶಿವಮೊಗ್ಗದ ತುಂಗಾ ಸೇತುವೆ ದಾಟಿ ಬರುವಾಗ ಮುಂದೆ ಹೋಗುತ್ತಿದ್ದ ಆಟೊ ಪ್ರಯಾಣಿಕರೊಬ್ಬರಿಗಾಗಿ ಗಕ್ಕನೆ ನಿಂತಿತು. ಇವನು ಕೈಬ್ರೇಕ್ ಒತ್ತಿದ. ಒದ್ದೆ ಸಾಬೂನನ್ನು ಹಿಸುಕಿದ ಹಾಗಾಯಿತಂತೆ. ಕಾಲಿನ ಬ್ರೇಕ್ ತುಳಿದದ್ದಕ್ಕೆ ಹಿಂದಿನ ಚಕ್ರ ಜಾರಿತು. ಆಟೊಗೆ ತಾಗಲಿಲ್ಲ, ಮಂಡಿಯ ಚರ್ಮ ಮಾತ್ರ ಹೋಯಿತು. ಮನೆಗೆ ಬಂದವನು ಕಾಲೇಜಿನ ಮೆಟ್ಟಿಲ ಮೇಲೆ ಜಾರಿದೆ ಅಂದ. ಮೆಟ್ಟಿಲ ಮೇಲೆ ಜಾರಿದವನ ಪ್ಯಾಂಟಿಗೆ ಟಾರಿನ ಕಪ್ಪು ಹತ್ತುವುದಿಲ್ಲ ಎಂಬುದು ಅಮ್ಮಿಗೆ ಗೊತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಅವರು ಒಂದೇ ಮಾತು ಹೇಳಿದರು: "ಬೇಚ್ ಡಾಲೊ." ಮಾರಿಬಿಡಿ.

ಆ ಗಾಡಿ ನಮ್ಮ ಅಬ್ಬಾರದ್ದು. 1992ರ ಯಮಹಾ ಆರ್‌ಎಕ್ಸ್ 100. ಹೊಸ ಓದುಗರಿಗಾಗಿ ನಾಲ್ಕು ಮಾತು ಹೇಳಬೇಕು. ಎಂಬತ್ತರ ದಶಕದ ನಡುವೆ ಜಪಾನಿನ ಕಂಪನಿಗಳು ಇಲ್ಲಿನವರ ಜತೆಗೂಡಿ ನೂರು ಸಿಸಿಯ ಗಾಡಿಗಳನ್ನು ತಂದವು. ಹೀರೊ ಹೊಂಡಾದ ಸಿಡಿ 100 ಬಂದದ್ದು 1985ರಲ್ಲಿ. ಎಸ್ಕಾರ್ಟ್ಸ್ ಕಂಪನಿ ಯಮಹಾದ ಜತೆ ಸೇರಿ ಆರ್‌ಎಕ್ಸ್ 100 ಅನ್ನು ಇಳಿಸಿದ್ದೂ ಅದೇ ವರ್ಷ. 98 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಹನ್ನೊಂದು ಕುದುರೆಯ ಬಲ, ಮೈ ಹಗುರ. 1996ರಲ್ಲಿ ಅದರ ತಯಾರಿಕೆ ನಿಂತಿತು. ಅದೇ 1996ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯೂ ಮುಚ್ಚಿ ಯೆಜ್ಡಿಯ ಕಥೆ ಮುಗಿಯಿತು. ಹಳೆಯ ಮೆಕ್ಯಾನಿಕ್‌ಗಳು ಈಗಲೂ ಆ ವರ್ಷದ ಬಗ್ಗೆ ಮಾತಾಡುವಾಗ ಒಂದೇ ಮನೆಯಲ್ಲಿ ಎರಡು ಜನಾಜ ಎದ್ದ ಹಾಗೆ ಮಾತಾಡುತ್ತಾರೆ. ಯೆಜ್ಡಿ ಹೆಸರಿನ ಹೊಸ ಗಾಡಿ 2022ರಲ್ಲಿ ಮತ್ತೆ ಬಂತು ಅಂದರೆ, ಹೆಸರು ಬಂತು ಅಷ್ಟೆ ಅನ್ನುತ್ತಾರೆ.

ಅಬ್ಬಾ ಉರ್ದು ಪ್ರೈಮರಿ ಶಾಲೆಯ ಮೇಷ್ಟ್ರು. ಶಿರಾಳಕೊಪ್ಪದ ಕಡೆಯ ಹಳ್ಳಿಗಳಲ್ಲಿ ಅವರ ಸರ್ವಿಸಿನ ಬಹುಪಾಲು ಕಳೆಯಿತು. ಬೆಳಿಗ್ಗೆ ಬಸ್ಸಿಲ್ಲದ ಊರುಗಳಿಗೆ ಅದೇ ಗಾಡಿ. ಸೋಮವಾರ ಅದರ ಹಿಂದೆ ಸೀಮೆಸುಣ್ಣದ ಡಬ್ಬಿ, ಶನಿವಾರ ಅಕ್ಕಿ ಚೀಲ, ಪರೀಕ್ಷೆಯ ಕಾಲಕ್ಕೆ ಒಬ್ಬಿಬ್ಬರು ಹುಡುಗರು. ನಾವು ಏಳನೆಯ ತರಗತಿಯವರೆಗೆ ಅವರ ಕೈಯಲ್ಲೇ ಉರ್ದು ಓದಿ, ಆಮೇಲೆ ಕನ್ನಡ ಹೈಸ್ಕೂಲಿಗೆ ಹೋದವರು. ಮೇಷ್ಟ್ರ ಮನೆಯಲ್ಲಿ 'ಮೈ' ಎಂಬ ಶಬ್ದ ಕಿವಿಗೆ ಬೀಳುತ್ತಿರಲಿಲ್ಲ. ಎಲ್ಲದಕ್ಕೂ 'ಹಮ್'. ಆ ರೂಢಿ ಕನ್ನಡಕ್ಕೂ ನಮ್ಮ ಜತೆ ಬಂತು. ಕನ್ನಡ ಪಂಡಿತರು ಕ್ಲಾಸಿನಲ್ಲಿ, "ನಾವು ನಾವು ಅಂತೀಯಲ್ಲ, ಬೆಂಚಿನ ಮೇಲೆ ಎಷ್ಟು ಜನ ಕೂತಿದ್ದೀರಪ್ಪ?" ಎಂದು ಕೇಳುತ್ತಿದ್ದರು.

2018ರಲ್ಲಿ ಅಬ್ಬಾ ತೀರಿಕೊಂಡರು. ಗಾಡಿ ಹಿತ್ತಲ ತಗಡಿನ ಕೊಟ್ಟಿಗೆಯಲ್ಲಿ ನಾಲ್ಕು ವರ್ಷ ನಿಂತಿತು. ಮಲೆನಾಡಿನ ಅಂಚಿನ ಮಳೆ ಎಂದರೆ ನಿಮಗೆ ಗೊತ್ತಲ್ಲ, ತಗಡಿನ ಒಂದು ಮೊಳೆಯ ತೂತು ಸಾಕು. ಹದಿನೈದು ವರ್ಷ ತುಂಬಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 2007, 2012, 2017ರಲ್ಲಿ ಅಬ್ಬಾ ತಾವೇ ಹೋಗಿ ಮಾಡಿಸಿದ್ದರು. 2022ರಲ್ಲಿ ಸರದಿ ನಮ್ಮದು. ಆ ಏಪ್ರಿಲ್‌ನಿಂದ ಬೈಕಿನ ನವೀಕರಣದ ಶುಲ್ಕ 300 ರೂಪಾಯಿಯಿಂದ 1000ಕ್ಕೆ ಏರಿತ್ತು. ಹಳೆಯ ಗಾಡಿಗಳನ್ನು ಗುಜರಿಗೆ ಕಳಿಸಿ ಎಂದು ಸರ್ಕಾರ ಮೆಲ್ಲಗೆ ಬೆನ್ನು ತಟ್ಟುತ್ತಿತ್ತು. ಮಗ ಮಾತ್ರ ದಾದಾರ ಗಾಡಿ ಓಡಿಸುತ್ತೇನೆ ಎಂದು ಹಟ ಹಿಡಿದ. ಕಾಗದ ಮಾಡಿಸಿ, ಕಾರ್ಬುರೇಟರ್ ತೊಳೆಸಿ, ಟಯರ್ ಹಾಕಿಸಿದೆವು. ಎಂಜಿನ್ ನಾಲ್ಕನೆಯ ಕಿಕ್ಕಿಗೆ ಎದ್ದಿತು. ಮುಂಗಾಲಿನೊಳಗಿನ ರಬ್ಬರಿನ ಬಗ್ಗೆ ಆಗ ಯಾವ ಮೆಕ್ಯಾನಿಕ್ಕೂ ಸೊಲ್ಲೆತ್ತಲಿಲ್ಲ.

ಈ ಮುಂಗಾಲಿನ ಒಳಗೆ ಏನು ನಡೆಯುತ್ತದೆ ಎಂಬುದು ಬಹಳ ಸರಳ. ಹೊಳೆಯುವ ಉಕ್ಕಿನ ಪೈಪ್ ಮೇಲೆ, ಗ್ಯಾರೇಜಿನವರು 'ಬಾಟಮ್' ಎನ್ನುವ ಅಲ್ಯೂಮಿನಿಯಂ ಕೊಳವೆ ಕೆಳಗೆ. ಪೈಪು ಬಾಟಮ್ಮಿನೊಳಗೆ ಏರಿ ಇಳಿಯುತ್ತದೆ. ಒಳಗೆ ಉದ್ದನೆಯ ಸ್ಪ್ರಿಂಗ್ ಇದೆ, ಭಾರ ಹೊರುವುದು ಅದರ ಕೆಲಸ. ಸ್ಪ್ರಿಂಗ್ ಒಂದೇ ಇದ್ದರೆ ಗುಂಡಿಗೆ ಬಿದ್ದ ಗಾಡಿ ಮದುವೆ ಮನೆಯ ಮಂಚದ ಹಾಗೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಹಿಡಿಯುವುದಕ್ಕೆ ಎಣ್ಣೆ. ಒಳಗಿನ ಒಂದು ಸಲಾಕೆಯ ಸಣ್ಣ ತೂತುಗಳಲ್ಲಿ ಎಣ್ಣೆ ನುಗ್ಗಬೇಕು. ತೂತು ಸಣ್ಣದಾದ್ದರಿಂದ ನಿಧಾನಕ್ಕೆ ನುಗ್ಗುತ್ತದೆ. ಪಿಚಕಾರಿ ಹಿಡಿದು ಆಡಿದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಎಣ್ಣೆ ಹೊರಗೆ ಬಾರದಂತೆ ಬಾಟಮ್ಮಿನ ಬಾಯಲ್ಲಿ ಬಳೆಯಂಥ ರಬ್ಬರಿನ ಆಯಿಲ್ ಸೀಲ್. ಅದರ ತುಟಿಯ ಹಿಂದೆ ಕೂದಲೆಳೆಯಂಥ ಸ್ಪ್ರಿಂಗಿನ ಉಂಗುರ, ತುಟಿಯನ್ನು ಪೈಪಿಗೆ ಒತ್ತಿ ಹಿಡಿಯಲು. ಸೀಲು ಎದ್ದು ಬಾರದಂತೆ ಮೇಲೆ ಒಂದು ಸರ್‌ಕ್ಲಿಪ್. ಅದರ ಮೇಲೆ ಧೂಳು ತಡೆಯುವ ಡಸ್ಟ್ ಸೀಲ್. ಇಷ್ಟೇ ಸಂಸಾರ.

ರಬ್ಬರು ಓಡಿದಾಗ ಸವೆಯುತ್ತದೆ, ನಿಂತಾಗ ಗಟ್ಟಿಯಾಗುತ್ತದೆ. ನಾಲ್ಕು ವರ್ಷ ಒಂದೇ ಜಾಗದಲ್ಲಿ ಪೈಪನ್ನು ಅಪ್ಪಿಕೊಂಡು ನಿಂತ ತುಟಿ ಚಪ್ಪಲಿಯ ಅಟ್ಟೆಯಂತಾಗಿತ್ತು.

ಮಂಡಿ ಗಾಯದ ಮರುದಿನವೇ ನಾವು ಸರ್ಕಲ್ಲಿನ ಬಳಿಯ ಒಂದು ದೊಡ್ಡ ಗ್ಯಾರೇಜಿಗೆ ಗಾಡಿ ಒಯ್ದೆವು. ಅಲ್ಲಿ ಜನಜಂಗುಳಿ. ಒಂದೂವರೆ ಗಂಟೆಯಲ್ಲಿ ಎರಡೂ ಸೀಲು ಬದಲಾಯಿಸಿ, ಕೈಗೆ ಬಿಲ್ಲು ಕೊಟ್ಟು, ಮುಂದಿನ ಗಾಡಿಗೆ ಕೈ ಹಾಕಿದರು. ಇಪ್ಪತ್ತನೆಯ ದಿನ ಬಲಗಾಲಿನಲ್ಲಿ ಮತ್ತೆ ಕಪ್ಪು ಉಂಗುರ. ಹೋಗಿ ಕೇಳಿದರೆ, "ಹಳೇ ಗಾಡಿ ಸಾರ್, ಇನ್ನೇನಾಗುತ್ತೆ?" ಅಂದರು. ಹಳೆಯದು ಎಂಬ ಶಬ್ದವನ್ನು ಕಾರಣದ ಜಾಗದಲ್ಲಿ ಕೂರಿಸಿಬಿಟ್ಟರೆ ಯಾರೂ ಮುಂದೆ ಯೋಚಿಸಬೇಕಾಗಿಲ್ಲ. ಆಸ್ಪತ್ರೆಗಳಲ್ಲೂ ಇದನ್ನು ಕೇಳಿದ್ದೇವೆ. ಅಬ್ಬಾರ ಕೆಮ್ಮಿಗೆ ಮೊದಲ ಆರು ತಿಂಗಳು ಸಿಕ್ಕ ಉತ್ತರವೂ ಅದೇ: ವಯಸ್ಸಾಯಿತಲ್ಲ.

ಕೊನೆಗೆ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನಲ್ಲಿ ಅಬ್ಬಾರ ಕಾಲದ ಉಸ್ತಾದರನ್ನು ಹುಡುಕಿ ಹೋದೆವು. ಎಪ್ಪತ್ತರ ಹತ್ತಿರದ ವಯಸ್ಸು. ಹುಡುಗನಾಗಿದ್ದಾಗ ಯೆಜ್ಡಿ ಗ್ಯಾರೇಜಿನಲ್ಲಿ ಪಾನಾ ಒರೆಸುತ್ತ ಕಲಿತವರು. ಈಗ ಬಲಗೈ ಸ್ವಲ್ಪ ನಡುಗುತ್ತದೆ. ಸಣ್ಣ ಸ್ಕ್ರೂ ಹಿಡಿಯುವಾಗ ನಡುಗುತ್ತದೆ, ಪಾನಾ ಹಿಡಿದ ಕೂಡಲೇ ನಿಲ್ಲುತ್ತದೆ. ಅವರ ಗಂಡುಮಕ್ಕಳಲ್ಲಿ ಒಬ್ಬ ರಿಯಾದಿನಲ್ಲಿ, ಇನ್ನೊಬ್ಬ ಮೊಬೈಲ್ ಅಂಗಡಿಯಲ್ಲಿ. ಅಂಗಡಿಯಲ್ಲಿ ಶಾಗಿರ್ದರು ಯಾರೂ ಇರಲಿಲ್ಲ. ನಮ್ಮನ್ನು ನೋಡಿ, "ಮಾಸ್ಟರ್ ಸಾಬರ ಮಗ ಅಲ್ವಾ?" ಅಂದರು. ಗಾಡಿಯನ್ನು ಅದಕ್ಕೂ ಮೊದಲೇ ಗುರುತು ಹಿಡಿದಿದ್ದರು ಎಂದು ಕಾಣುತ್ತದೆ, ಅದರ ಟ್ಯಾಂಕಿನ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದರು.

"ಸೀಲು ಹೊಸದು ಅಂತೀರಿ. ಹಾಗಾದರೆ ಮೊದಲು ಬಿಚ್ಚುವುದು ಬೇಡ. ತುಟಿಯಲ್ಲಿ ಮರಳು ಕೂತಿರಬಹುದು. ಮನೆಯಲ್ಲಿ ಹಳೇ ಕ್ಯಾಮೆರಾದ ನೆಗೆಟಿವ್ ಇದೆಯಾ? ಇಲ್ಲವಾದರೆ ಎಕ್ಸ್‌ರೇ ಫಿಲ್ಮು ತನ್ನಿ" ಅಂದರು.

ನೆಗೆಟಿವ್ ಸಿಗಲಿಲ್ಲ. ಎಕ್ಸ್‌ರೇ ಕೇಳಿದಾಗ ಅಮ್ಮಿ ಒಂದು ಕ್ಷಣ ನಮ್ಮ ಮುಖ ನೋಡಿದರು. ಆಮೇಲೆ ಬೀರುವಿನ ಮೇಲಿಂದ ದೊಡ್ಡ ಕಂದು ಲಕೋಟೆ ಇಳಿಸಿದರು. ಐದು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಮಗ ದಾರಿಯಲ್ಲಿ ಅದನ್ನು ಎಳೆದು ಬಿಸಿಲಿಗೆ ಹಿಡಿದು, "ದಾದಾರದ್ದಾ?" ಎಂದು ಕೇಳಿದ. ಹೌದು ಅಂದೆವು. ಮತ್ತೆ ಲಕೋಟೆಯೊಳಗೆ ತುರುಕಿ ಎದೆಗೆ ಅಪ್ಪಿ ಹಿಡಿದು ಹಿಂದೆ ಕೂತ. ಉಸ್ತಾದರು ಫಿಲ್ಮನ್ನು ಬೆಳಕಿಗೆ ಎತ್ತಿ ಬಹಳ ಹೊತ್ತು ನೋಡಿದರು. ಪಕ್ಕೆಲುಬು, ಎದೆಗೂಡು ಯಾವುದೂ ಇಲ್ಲದ ಅಂಚಿನ ಕಪ್ಪು ಪಟ್ಟಿಯಿಂದ ಎರಡು ಬೆರಳಗಲ ಕತ್ತರಿಸಿಕೊಂಡು ಉಳಿದದ್ದನ್ನು ನಮ್ಮ ಕೈಗೆ ವಾಪಸು ಕೊಟ್ಟರು.

ಈ ಉಪಾಯ ಗೊತ್ತಿದ್ದರೆ ಎಷ್ಟೋ ಜನರ ದುಡ್ಡು ಉಳಿಯುತ್ತದೆ, ಆದ್ದರಿಂದ ಬರೆಯುತ್ತೇವೆ. ಡಸ್ಟ್ ಸೀಲನ್ನು ಮೆಲ್ಲಗೆ ಮೇಲಕ್ಕೆ ಎಬ್ಬಿಸಬೇಕು. ಫಿಲ್ಮಿನ ಒಂದು ತುದಿಯನ್ನು ಗಾಳದ ಹಾಗೆ ಕತ್ತರಿಸಿ, ಪೈಪಿಗೂ ಸೀಲಿನ ತುಟಿಗೂ ನಡುವೆ ಇಳಿಸಿ, ಸುತ್ತಲೂ ಆಡಿಸಿ ಮೇಲಕ್ಕೆಳೆಯಬೇಕು. ತುಟಿಯಡಿ ಸಿಕ್ಕಿದ ಮರಳು, ಕೆಸರು ಅದರ ಜತೆ ಬರುತ್ತದೆ. ಚಾಕು, ಸ್ಕ್ರೂಡ್ರೈವರ್ ಮಾತ್ರ ಹಾಕಬಾರದು. ತುಟಿ ಒಮ್ಮೆ ಹರಿದರೆ ಮುಗಿಯಿತು. ನಮ್ಮ ಗಾಡಿಯಲ್ಲಿ ಬೂದು ಬಣ್ಣದ ಹೊಲಸು ಬಂತು. ಒರೆಸಿ, ಹತ್ತು ಸಲ ಹ್ಯಾಂಡಲ್ ಒತ್ತಿ ನೋಡಿದರೆ ಪೈಪು ಒಣಗಿತ್ತು.

ಎರಡು ದಿನ ಹಾಗೇ ಇತ್ತು. ಮೂರನೆಯ ದಿನ ಮತ್ತೆ ಉಂಗುರ. ಉಸ್ತಾದರಿಗೆ ಆಶ್ಚರ್ಯವಾಗಲಿಲ್ಲ. "ಹಾಗಾದರೆ ಕಾಯಿಲೆ ಸೀಲಿಗಲ್ಲ, ಪೈಪಿಗೆ" ಅಂದರು. ಪೈಪನ್ನು ಚಿಂದಿಯಿಂದ ಒರೆಸಿ, ಕಣ್ಣು ಮುಚ್ಚಿ ಹೆಬ್ಬೆರಳಿನ ಉಗುರನ್ನು ಮೇಲಿನಿಂದ ಕೆಳಕ್ಕೆ ಎಳೆದರು. ಒಂದು ಕಡೆ ಉಗುರು ತಡೆಯಿತು. ನಮ್ಮ ಉಗುರನ್ನೂ ಎಳೆಸಿದರು, ಮಗನದನ್ನೂ. ಕಣ್ಣಿಗೆ ಸರಿಯಾಗಿ ಕಾಣದ, ಗಸಗಸೆ ಕಾಳಿಗಿಂತ ಸಣ್ಣ ತುಕ್ಕಿನ ಕುಳಿಗಳು. ತಗಡಿನ ತೂತಿನಿಂದ ತೊಟ್ಟಿಕ್ಕಿದ ನಾಲ್ಕು ಮಳೆಗಾಲ ಅಲ್ಲಿ ಬರೆದಿಟ್ಟಿತ್ತು. ಗಾಡಿ ಗುಂಡಿಗೆ ಇಳಿದಾಗಲೆಲ್ಲ ಆ ಕುಳಿಗಳು ಸೀಲಿನ ತುಟಿಯನ್ನು ಅರದ ಹಾಗೆ ಉಜ್ಜುತ್ತಿದ್ದವು. ಹೊಸ ಸೀಲು ಹಾಕಿದವರು ಆ ಪೈಪಿನ ಮೇಲೆ ಒಂದು ಸಲ ಉಗುರು ಎಳೆದಿದ್ದರೆ ಸಾಕಿತ್ತು.

ಬಿಚ್ಚುವ ಕೆಲಸ ಒಂದು ಭಾನುವಾರ. ಉಸ್ತಾದರು ತಾವು ಸ್ಟೂಲಿನ ಮೇಲೆ ಕೂತು ಮಗನ ಕೈಯಲ್ಲಿ ಮಾಡಿಸಿದರು. ನಮಗೆ ಕೊಟ್ಟ ಕೆಲಸ ಚಹಾ ತರುವುದು. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ಎಂಜಿನ್ ಅಡಿಗೆ ಮರದ ದಿಮ್ಮಿ. ಬ್ರೇಕ್ ಕೇಬಲ್, ಮೀಟರ್ ಕೇಬಲ್, ಆಕ್ಸಲ್, ಚಕ್ರ, ಮಡ್‌ಗಾರ್ಡ್ ಒಂದೊಂದಾಗಿ ಬಂದವು. ಕಾಲುಗಳನ್ನು ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸುವ ಮೊದಲೇ ಪೈಪಿನ ತಲೆಯ ಬೋಲ್ಟನ್ನು ಒಂದು ಸುತ್ತು ಸಡಿಲ ಮಾಡಿಸಿದರು. ಕಾಲು ಕೈಗೆ ಬಂದ ಮೇಲೆ ಅದನ್ನು ತಿರುಗಿಸಲು ಹೋದರೆ ಪೈಪೂ ಜತೆಗೇ ತಿರುಗುತ್ತದೆ. ಪೂರ್ತಿ ಬಿಚ್ಚುವಾಗ ತಲೆಯನ್ನು ಪಕ್ಕಕ್ಕಿಡು ಬೇಟಾ ಅಂದರು. ಒಳಗಿನ ಸ್ಪ್ರಿಂಗ್ ಬೋಲ್ಟನ್ನು ಚಿಮ್ಮಿಸಿ ಹಲ್ಲು ಮುರಿದ ಕಥೆಗಳು ಅವರ ಬಳಿ ಮೂರಿದ್ದವು, ಮೂರನ್ನೂ ಹೇಳಿದರು. ಎಣ್ಣೆಯನ್ನು ತಟ್ಟೆಗೆ ಬಗ್ಗಿಸಿದಾಗ ಮೀನು ಕೊಳೆತ ವಾಸನೆ. ಬಲಗಾಲಿನಲ್ಲಿ ಒಂದು ಲೋಟವೂ ಇರಲಿಲ್ಲ.

ಈ ಕೆಲಸದಲ್ಲಿ ಮನೆಯಲ್ಲಿ ಪ್ರಯತ್ನಿಸುವವರು ಸೋಲುವುದು ಒಂದೇ ಜಾಗದಲ್ಲಿ. ಬಾಟಮ್ಮಿನ ತಳದಲ್ಲಿ, ಗುಳಿಯೊಳಗೆ, ಒಂದು ಆಲನ್ ಬೋಲ್ಟ್ ಇದೆ. ಅದು ಒಳಗಿನ ಸಲಾಕೆಯನ್ನು ಹಿಡಿದಿರುತ್ತದೆ. ಕೆಳಗಿನಿಂದ ಬೋಲ್ಟ್ ತಿರುಗಿಸಿದರೆ ಒಳಗೆ ಸಲಾಕೆಯೂ ತಿರುಗುತ್ತದೆ, ದಿನವಿಡೀ ತಿರುಗಿಸಿದರೂ ಬಿಚ್ಚುವುದಿಲ್ಲ. ಕಂಪನಿಯ ಬಳಿ ಇದಕ್ಕೆ ಉದ್ದನೆಯ ಒಂದು ಸಾಧನವಿದೆ. ಉಸ್ತಾದರ ಬಳಿ ಇದ್ದದ್ದು ಜೇಡರ ಬಲೆ ಹೊಡೆಯುವ ಮರದ ಕೋಲು. ತುದಿಯನ್ನು ಪೆನ್ಸಿಲ್ಲಿನಂತೆ ಕೆತ್ತಿ, ಪೈಪಿನೊಳಗೆ ಇಳಿಸಿ, ಸಲಾಕೆಯ ತಲೆಗೆ ಗುದ್ದಿ ಕೂರಿಸಿ, ನಮ್ಮನ್ನು ಕರೆದು, "ಮೇಲಿನಿಂದ ಒತ್ತಿ ಹಿಡಿಯಿರಿ" ಅಂದರು. "ನಾವು ಹಿಡಿದಿದ್ದೇವೆ" ಎಂದೆವು. "ಕಿತ್ತೆ ಲೋಗಾಂ ಜೀ ತುಮೆ?" ಎಂದು ನಕ್ಕರು. ಅಬ್ಬಾ ಕೂಡ ಹೀಗೇ ಮಾತಾಡುತ್ತಿದ್ದರಂತೆ. ಒಬ್ಬರೇ ಬಂದು, ನಮ್ಮ ಗಾಡಿ ನೋಡಿ, ನಮಗೆ ಹೊತ್ತಾಯಿತು ಎನ್ನುತ್ತಿದ್ದರಂತೆ. ಅಷ್ಟರಲ್ಲಿ ಬೋಲ್ಟು ಟಕ್ಕೆಂದು ಬಿಟ್ಟಿತು.

ಆ ಬೋಲ್ಟಿನ ಅಡಿಯ ತಾಮ್ರದ ವಾಷರ್ ಅನ್ನು ಉಸ್ತಾದರು ಮಗನ ಅಂಗೈಯಲ್ಲಿಟ್ಟು ಬೇರೆ ತರಲು ಹೇಳಿದರು. ಹಳೆಯದೇ ಹಾಕಿದರೆ ಮೇಲೆ ನಿಂತ ಸೋರಿಕೆ ಕೆಳಗೆ ಶುರುವಾಗುತ್ತದೆ. ಸರ್‌ಕ್ಲಿಪ್ ತೆಗೆದು ಸೀಲು ಮೀಟುವಾಗ ಟಯರ್ ಲಿವರಿನ ಅಡಿಗೆ ಚೂರು ಮರ ಇಡಿಸಿದರು. ಬಾಟಮ್ಮು ಅಲ್ಯೂಮಿನಿಯಂ, ಮೆದು. ಅದರ ಬಾಯಿಗೆ ಗೀರು ಬಿದ್ದರೆ ಸೀಲಿನ ಹೊರಮೈಯಿಂದಲೇ ಎಣ್ಣೆ ದಾರಿ ಮಾಡಿಕೊಳ್ಳುತ್ತದೆ. ಬಿಚ್ಚಿದ ಪೈಪುಗಳನ್ನು ಮೇಜಿನ ಗಾಜಿನ ಮೇಲೆ ಉರುಳಿಸಿ, ಅಡಿಯಲ್ಲಿ ಬೆಳಕು ಕಾಣುತ್ತದೆಯೇ ಎಂದು ಬಗ್ಗಿ ನೋಡಿದರು. ಡೊಂಕಿರಲಿಲ್ಲ. ಅಬ್ಬಾ ಒಮ್ಮೆಯೂ ಎದುರಿಗೆ ಗುದ್ದಿರಲಿಲ್ಲ ಎಂದಾಯಿತು. ಎಮ್ಮೆಗೆ ಗುದ್ದಿದ ಕಥೆಯೊಂದು ನಮ್ಮ ಮನೆಯಲ್ಲಿ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಪೈಪಿನ ಸಾಕ್ಷಿ ಅದಕ್ಕೆ ವಿರುದ್ಧವಾಗಿದೆ.

ಕುಳಿಬಿದ್ದ ಪೈಪಿಗೆ ಮೂರು ದಾರಿ. ಪೇಟೆಯಲ್ಲಿ ಸಿಗುವ ಡೂಪ್ಲಿಕೇಟ್ ಪೈಪು ಮೊದಲನೆಯದು. ಹೊಳಪು ಜಾಸ್ತಿ, ಕ್ರೋಮು ತೆಳು, ಎರಡು ಮಳೆಗಾಲಕ್ಕೆ ಮತ್ತೆ ಅದೇ ಕಥೆ ಎಂದು ಉಸ್ತಾದರ ಅನುಭವ. ಗುಜರಿಯಿಂದ ಬೇರೆ ಆರ್‌ಎಕ್ಸಿನ ಪೈಪು ತರಬಹುದು, ಆದರೆ ಅದು ಯಾವ ಹಳ್ಳಕ್ಕೆ ಬಿದ್ದು ಎದ್ದದ್ದೋ. ಈಗ ಈ ಗಾಡಿಗೆ ಹುಚ್ಚು ಹಿಡಿದವರ ಸಂಖ್ಯೆ ಹೆಚ್ಚಿ, ಗುಜರಿಯವರು ಅದರ ನಟ್ಟಿಗೂ ಬಂಗಾರದ ಬೆಲೆ ಹೇಳುತ್ತಾರೆ. ಮೂರನೆಯದು ಇದೇ ಪೈಪನ್ನು ಸಾಣೆ ಹಿಡಿಸಿ, ಹಾರ್ಡ್ ಕ್ರೋಮ್ ಮಾಡಿಸಿ, ಮತ್ತೆ ಸಾಣೆ ಹಿಡಿಸಿ ಹಳೆಯ ಅಳತೆಗೆ ತರುವುದು. ಕನ್ನಡಿಯಂಥ ಅಲಂಕಾರದ ಕ್ರೋಮು ಬೇರೆ, ಇದು ಬೇರೆ. ಇದು ದಪ್ಪ, ಗಡಸು, ಉಜ್ಜುವ ಕೆಲಸಕ್ಕೆಂದೇ ಇರುವುದು.

ಅದಕ್ಕೆ ಬೆಂಗಳೂರಿನ ಪೀಣ್ಯಕ್ಕೆ ಕಳಿಸಬೇಕು. ಇಲ್ಲಿ ನಮಗೆ ಸ್ವಲ್ಪ ತಡೆಯಿತು. ದುಡ್ಡಿನ ಲೆಕ್ಕ ಒಂದು: ಡೂಪ್ಲಿಕೇಟ್ ಪೈಪಿಗಿಂತ ಇದು ದುಬಾರಿ. ಇನ್ನೊಂದು, ಕ್ರೋಮ್ ತೊಟ್ಟಿಗಳ ಸಂಗತಿ. ಅದರ ದ್ರಾವಣದಲ್ಲಿರುವ ಕ್ರೋಮಿಯಂ ವಿಷ. ಆವಿ ಉಸಿರಾಡಿದವರ ಮೂಗಿನೊಳಗಿನ ಚರ್ಮವನ್ನೂ ಶ್ವಾಸಕೋಶವನ್ನೂ ಹಾಳು ಮಾಡುತ್ತದೆ. ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದ್ದು ಸರ್ಕಾರದ ವರದಿಗಳಲ್ಲೇ ದಾಖಲಾಗಿದೆ. ಉಸ್ತಾದರಿಗೆ ಇದನ್ನು ಹೇಳಿದೆವು. ಅವರು ವಾದಿಸಲಿಲ್ಲ. "ನಿಮ್ಮ ಡೂಪ್ಲಿಕೇಟಿಗೂ ಎಲ್ಲೋ ಒಂದು ತೊಟ್ಟಿಯಲ್ಲಿ ಒಬ್ಬ ಹುಡುಗ ಕೈ ಅದ್ದಿರುತ್ತಾನೆ ಜೀ. ಅದೂ ಎರಡು ವರ್ಷಕ್ಕೊಮ್ಮೆ" ಅಂದರು. ಆ ಲೆಕ್ಕ ನಮಗೆ ಸಮಾಧಾನ ಕೊಡಲಿಲ್ಲ. ಅದಕ್ಕಿಂತ ಒಳ್ಳೆಯ ಲೆಕ್ಕವೂ ನಮ್ಮ ಬಳಿ ಇರಲಿಲ್ಲ. ಪೈಪುಗಳನ್ನು ಗೋಣಿಯಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ಹಾಕಿದೆವು. ಎರಡನ್ನೂ. ಒಂದು ಕಾಲು ಹೊಸತು ಒಂದು ಹಳತು ಆಗಬಾರದು. ಸೀಲೂ ಅಷ್ಟೆ, ಸೋರುವುದು ಒಂದೇ ಕಡೆಯಾದರೂ ಹಾಕುವುದು ಎರಡೂ ಕಡೆ.

ಒಂಬತ್ತು ದಿನ ಗಾಡಿ ಮುಂಗಾಲಿಲ್ಲದೆ ದಿಮ್ಮಿಯ ಮೇಲೆ ಕೂತಿತ್ತು. ಮಗ ಕಾಲೇಜು ಬಿಟ್ಟ ಮೇಲೆ ದಿನವೂ ಅಲ್ಲಿಗೆ ಹೋಗತೊಡಗಿದ. ಉಸ್ತಾದರು ಅವನಿಗೆ ಬೇರೆಯವರ ಗಾಡಿಯ ಕೆಲಸಕ್ಕೂ ಪಾನಾ ಹಿಡಿಸಿದರು. ಅವನ ಉರ್ದು ನಮ್ಮಷ್ಟಿಲ್ಲ. ಅಕ್ಷರ ಗೊತ್ತು, ಓದುವ ಓಟ ಇಲ್ಲ. ಗ್ಯಾರೇಜಿನ ದಖ್ನಿಯನ್ನು ಮಾತ್ರ ವಾರದಲ್ಲಿ ನುಂಗಿಕೊಂಡು ಬಂದ. ಬೋಲ್ಟಿನ ಥ್ರೆಡ್ ಸವೆದರೆ "ಚೂಡಿ ಮರ್ ಗಯಿ" ಎನ್ನುತ್ತಾರೆ ಎಂದು ಅಮ್ಮಿಗೆ ಹೇಳಿದಾಗ, ಚೂಡಿ ಅಂದರೆ ಬಳೆ ಮಾತ್ರ ಎಂದುಕೊಂಡಿದ್ದ ಅವರು, "ಬಳೆ ಒಡೆಯುತ್ತದೆ, ಸಾಯುವುದು ಹೇಗೆ?" ಎಂದು ಕೇಳಿದರು. ಮಾರುವ ಮಾತು ಆ ವಾರ ಏಳಲಿಲ್ಲ.

ಬ್ರೇಕಿನ ಲೈನರು ನೋಡಿದಾಗ ಎದೆ ಝಲ್ಲೆಂದಿತು. ಎಣ್ಣೆ ಕುಡಿದು ದೋಸೆ ಕಾವಲಿಯ ಹಾಗೆ ಮಿರಮಿರ. ಇಂಥ ಲೈನರನ್ನು ಬೆಂಕಿಗೆ ಹಿಡಿದು ಎಣ್ಣೆ ಸುಟ್ಟು ಮತ್ತೆ ಹಾಕುವವರಿದ್ದಾರೆ. ಮೇಲೆ ಒಣಗಿದ್ದು ಒಳಗಿನಿಂದ ಮತ್ತೆ ಒಸರುತ್ತದೆ. ಉಸ್ತಾದರು ಕಸದ ಡಬ್ಬಿಗೆ ಎಸೆದು ಹೊಸ ಶೂ ತರಿಸಿದರು, ಡ್ರಮ್ಮನ್ನು ಪೆಟ್ರೋಲಿನಿಂದ ತೊಳೆಸಿದರು. ಮಗ ಡ್ರಮ್ಮಿನ ಪುಡಿಯನ್ನು ಬಾಯಿಂದ ಊದಲು ಹೋದಾಗ ಅವನ ತಲೆಗೊಂದು ಮೊಟಕಿದರು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಪುಡಿ ಶ್ವಾಸಕೋಶಕ್ಕೆ ಇಳಿದರೆ ಮರಳಿ ಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸು ಅಂದರು. ಅವರಿಗೂ ಒಂದು ಕೆಮ್ಮು ಇದೆ. ನಲವತ್ತು ವರ್ಷ ಊದಿದ್ದೇನೆ, ಆಗ ಹೇಳುವವರು ಇರಲಿಲ್ಲ ಎಂದು ಮಾತು ಬೇರೆಡೆಗೆ ತಿರುಗಿಸಿದರು.

ಪೈಪುಗಳು ಬಂದವು. ಉಗುರು ಎಳೆದರೆ ಗಾಜು. ಹೊಸ ಸೀಲು ಕೊಳ್ಳುವಾಗ ಉಸ್ತಾದರು ಪೊಟ್ಟಣದ ಹೆಸರು ನೋಡಲಿಲ್ಲ. ಸೀಲಿನ ಮೈಮೇಲೆ ಒತ್ತಿರುವ ಒಳವ್ಯಾಸ, ಹೊರವ್ಯಾಸ, ದಪ್ಪದ ಅಂಕಿಗಳನ್ನು ಓದಿಸಿದರು, ತುಟಿಯನ್ನು ಬೆರಳಿನಿಂದ ಬಾಗಿಸಿದರು, ಒಳಗಿನ ಸ್ಪ್ರಿಂಗ್ ಉಂಗುರದ ಗಂಟು ಸರಿಯಿದೆಯೇ ನೋಡಿದರು. ಮೊದಲ ಅಂಗಡಿಯಲ್ಲಿ ಕೊಟ್ಟದ್ದನ್ನು ಮೂಸಿ ವಾಪಸು ಮಾಡಿದರು.

ಜೋಡಿಸುವಾಗ ಮೊದಲು ಪೈಪು ಬಾಟಮ್ಮಿಗೆ ಇಳಿದು, ಕೆಳಗಿನ ಬೋಲ್ಟ್ ಬಿಗಿಯಾಯಿತು. ಆಮೇಲೆ ಪೈಪಿನ ತಲೆಗೆ ನಂದಿನಿ ಹಾಲಿನ ಖಾಲಿ ಕವರನ್ನು ಟೋಪಿಯ ಹಾಗೆ ತೊಡಿಸಿ ಎಣ್ಣೆ ಸವರಿದರು. ಪೈಪಿನ ತುದಿ ಚೂಪು. ಸೀಲನ್ನು ಹಾಗೇ ತುರುಕಿದರೆ ಹಾಕುವಾಗಲೇ ತುಟಿ ಕೊಯ್ದುಕೊಳ್ಳುತ್ತದೆ. ಎಷ್ಟೋ ಹೊಸ ಸೀಲುಗಳು ಸೋರುವುದು ಇದರಿಂದಲೇ. ಸ್ಪ್ರಿಂಗ್ ಇರುವ ಮುಖ ಕೆಳಗೆ, ಎಣ್ಣೆಯ ಕಡೆಗೆ. ಕೂರಿಸಲು ನೀರಿನ ಪಿವಿಸಿ ಪೈಪಿನ ತುಂಡು, ನಡುವೆ ಹಳೆಯ ಸೀಲು. ಸುತ್ತಿಗೆಯ ಏಟಿಗೆ ಮೊದಲು ದಬ್ ದಬ್ ಎಂದು, ಸೀಲು ತಳ ಮುಟ್ಟಿದಾಗ ಟಣ್ ಎಂದು ದನಿ ಬದಲಾಗುತ್ತದೆ. ಸರ್‌ಕ್ಲಿಪ್ಪಿನ ಗಾಡಿ ಸುತ್ತಲೂ ಸಮನಾಗಿ ಕಂಡರೆ ಸರಿ. ಉಸ್ತಾದರು ಆ ದನಿಗಾಗಿ ರೇಡಿಯೊ ಆರಿಸಿದರು.

ಎಣ್ಣೆ ಅಳೆಯಲು ಮೊಮ್ಮಗುವಿನ ಹಾಲಿನ ಬಾಟಲಿ. ಗೆರೆ ಹಾಕಿದ ಅಳತೆ ಅದಕ್ಕಿಂತ ಅಗ್ಗಕ್ಕೆ ಎಲ್ಲಿ ಸಿಗುತ್ತದೆ! ಅಳತೆ ಆಯಾ ಗಾಡಿಯ ಪುಸ್ತಕದಲ್ಲಿರುತ್ತದೆ, ಬಾಯಿಮಾತು ನಂಬಬಾರದು. ಪೂರ್ತಿ ಬಿಚ್ಚಿ ಒರೆಸಿದ ಕಾಲಿಗೆ ಬರೀ ಎಣ್ಣೆ ಬದಲಾಯಿಸುವಾಗಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಕಡಿಮೆಯಾದರೆ ಕುಣಿತ. ಹೆಚ್ಚಾದರೆ ಒಳಗಿನ ಗಾಳಿಗೆ ಜಾಗ ಸಾಲದೆ ಒತ್ತಡವೇ ಹೊಸ ಸೀಲನ್ನು ಹೊರಗೆ ತಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯ, ಎರಡೂ ಕಾಲಿಗೆ ಸಮ. ತುಂಬಿದ ಮೇಲೆ ಪೈಪನ್ನು ನಿಧಾನ ಏರಿಸಿ ಇಳಿಸಿ ಗಾಳಿಯ ಗುಳ್ಳೆ ಬಿಡಿಸಿ, ಒಳಗೆ ಕಡ್ಡಿ ಅದ್ದಿ ಎರಡರ ಮಟ್ಟವನ್ನು ಹೋಲಿಸಿದರು. ಹಿಂದೆಲ್ಲ ಎಂಜಿನ್ ಎಣ್ಣೆಯನ್ನೇ ಸುರಿಯುತ್ತಿದ್ದೆವು, ಈಗ ಫೋರ್ಕಿನದ್ದೇ ಸಿಗುತ್ತದೆ, ಅದನ್ನೇ ಹಾಕಿ ಎಂದರು.

ಚಕ್ರ ಹಾಕಿ ಆಕ್ಸಲ್ ನಟ್ಟನ್ನು ಅರ್ಧ ಬಿಗಿದು, ಗಾಡಿ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಏಳೆಂಟು ಸಲ ಒತ್ತಿಸಿದರು. ಎರಡು ಕಾಲುಗಳೂ ತಮ್ಮ ಜಾಗ ತಾವೇ ಹುಡುಕಿಕೊಳ್ಳುತ್ತವೆ, ಪೂರ್ತಿ ಬಿಗಿಯುವುದು ಅದಾದ ಮೇಲೆ. ಮಗ ಅಂಗಡಿಯಿಂದ ರಸ್ತೆಯ ತುದಿಯವರೆಗೆ ಹೋಗಿ ಬಂದ. ಹೊಸ ಶೂ ಡ್ರಮ್ಮಿಗೆ ಹೊಂದುವವರೆಗೆ ಜೋರು ಬೇಡ ಎಂದು ಉಸ್ತಾದರು ಹೇಳಿದ್ದರಿಂದ ಬಹಳ ಮೆಲ್ಲಗೆ. ನಿಂತಾಗ ಗಾಡಿ ಮುಂದಕ್ಕೆ ತುಸು ಬಗ್ಗಿ, ನಿಧಾನಕ್ಕೆ ಮೇಲೆದ್ದಿತು. ಅಬ್ಬಾ ಶಾಲೆಯ ಮುಂದೆ ಗಾಡಿ ನಿಲ್ಲಿಸುವಾಗ ಅದು ಹೀಗೇ ಬಗ್ಗಿ ಏಳುತ್ತಿದ್ದದ್ದು ನಮಗೆ ನೆನಪಿದೆ.

ಅದಾಗಿ ಎರಡು ಮಳೆಗಾಲ ಕಳೆದಿವೆ. ಪೈಪು ಒಣಗಿದೆ. ಉಸ್ತಾದರು ಈಗ ವಾರದಲ್ಲಿ ಮೂರೇ ದಿನ ಬಾಗಿಲು 'ತೆಗೆಯುತ್ತಾರೆ, ಆ ಮೂರು ದಿನವೂ ಸಂಜೆ ಮಗ ಅಲ್ಲಿರುತ್ತಾನೆ. ಅಮ್ಮಿಗೆ ಇದು ಇಷ್ಟವೋ ಅಲ್ಲವೋ ಇನ್ನೂ ಹೇಳಿಲ್ಲ. ಅವನ ಎಣ್ಣೆ ಹತ್ತಿದ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿಡುತ್ತಾರೆ. ಎಕ್ಸ್‌ರೇ ಲಕೋಟೆ ಬೀರುವಿನ ಮೇಲಿದೆ. ಕಳೆದ ವಾರ ಉಸ್ತಾದರು ಯಾವುದೋ ಹಳೆಯ ಗಾಡಿಯಿಂದ ಎರಡು ರಬ್ಬರಿನ ಗವಸು ಕಳಿಸಿದ್ದಾರೆ, ಪೈಪಿನ ಮೇಲೆ ಮಡಿಕೆ ಮಡಿಕೆಯಾಗಿ ಕೂರುವಂಥವು. ಕೆಸರು ಸಿಡಿದರೂ ಪೈಪಿಗೆ ತಾಗುವುದಿಲ್ಲ. ಹಾಕಬೇಕಾದರೆ ಮತ್ತೆ ಚಕ್ರ ಬಿಚ್ಚಿ ಕಾಲು ಇಳಿಸಬೇಕು. ಈ ಭಾನುವಾರ ಹಾಕೋಣ ಎಂದು ಮಗ ಹೇಳಿದ್ದಾನೆ, ಜೇಡರ ಬಲೆಯ ಕೋಲು ಮನೆಯಲ್ಲೇ ಇದೆ.